ಕಾಕಾರ ಸಾಚಾ ಮುಖ

ಮೌನವೇ ಸಮ್ಮತಿ ಅಂತಲೋ ಏನೋ ಒಂದು ಸಾಲಿದೆಯಲ್ಲ ಗೆಳತಿಯರೇ, ಬಾಯಿಗೆ ಪ್ಲಾಸ್ಟರ್ ಮೆತ್ತಿಸಿಕೊಂಡವರ ಮೌನಕ್ಕೂ ಅದು ಸಲ್ಲುತ್ತದೆಯೇ?

ಸಾಂಗಲಿ ಸಂಸ್ಥಾನದ ಪ್ರದರ್ಶನದಲ್ಲಿ ಊರಿನ ವ್ಯಾಪಾರಿಗಳ ಮೂರ್ತಿ ಇಡುತ್ತಾರಂತೆ. ಅದಕ್ಕೆಂದು ಇವತ್ತು ಮಿರಜದ ಶಿಲ್ಪಿಯೊಬ್ಬರು ಮನೆಗೆ ಬಂದರು. ಬೆಲ್ಲದ ವ್ಯಾಪಾರಿ ನಮ್ಮ ಕಾಕಾರ ಮೀಸೆಗೆ ಎಣ್ಣೆ ಸವರಿ, ಉಸಿರಿಗೆಂದು ಮೂಗಿಗೆ ಕೊಳವೆ ಇಟ್ಟು, ಮುಖದ ತುಂಬ ಪ್ಲಾಸ್ಟರ್ ಮೆತ್ತಿದರು.

"ಸಾಚಾ ಗಟ್ಟಿ ಆಗೂತನಕಾ ತುಟಿ ಅಳ್ಳಾಡಿಸಬ್ಯಾಡ್ರಿ" ಎಂದರು. ಮರಾಠಿಯಲ್ಲಿ ಅಚ್ಚಿಗೆ ಸಾಚಾ ಎಂದೇ ಹೆಸರು.

ಹೋದ ಶ್ರಾವಣದಿಂದ ತವರೂರು ಆರಗಕ್ಕೆ ಕಳಿಸಿರೆಂದು ಕೇಳಿ ಕೇಳಿ ಸೋತಿದ್ದ ಕಾಕಾರ ಹೆಂಡತಿ, ನಮ್ಮ ಕಾಕು, ಓಡಿ ಬಂದು ಎದುರಿಗೆ ಕುಳಿತರು.

"ನಾಳೆ ಆರಗಕ್ಕ ಹೊಂಟೇನ್ರಿ. ತಿಂಗಳು ಇದ್ದು ಬರತೇನಿ. ಬ್ಯಾಡಂದ್ರ ಈಗ ಹೇಳ್ರಿ."

ಕಾಕಾರ ಎರಡೂ ಕೈ ಗಾಳಿಯಲ್ಲಿ ಹಾರಾಡಿದವು.

"ಹೂಂ ಅಂದ್ರು ನೋಡವ್ವಾ! ನೀನ ಸಾಕ್ಷಿ" ಎಂದು ಕಾಕು ನನ್ನತ್ತ ತಿರುಗಿದರು.

ಅಚ್ಚು ಕಳಚಿದಾಗ ಬೈಗುಳ ಬರುತ್ತದೆಂದು ಕಾದೆ. ಬಂದದ್ದು ನಗು. "ಹೋಗಿ ಬಾ, ಗೆದ್ದಿ" ಎಂದರು ಕಾಕಾ, ಮೀಸೆ ಸವರುತ್ತ.

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಮಾವಶಿ ಶಿಲ್ಪಿಗೆ ಹೇಳಿದರು: "ಇದಕ್ಕ ಸಾಚಾ ಅನ್ನೂದು ಬರೋಬ್ಬರಿ ಅದರೀ. ಎದುರು ಮಾತಾಡದ ಗಂಡನಽ ಸಾಚಾ ಗಂಡ. ನಮ್ಮವರನ್ನೂ ಕಳಸ್ಲೇನು?"