ತುಂಬಿ ಬಂದ ಡಬ್ಬಿಗಳು

ಹನ್ನೊಂದು ವರ್ಷ ನಾನು ಸುಣ್ಣಗಲ್ಲಿನ ಪುಡಿ ಪರೀಕ್ಷೆ ಮಾಡಿದವಳು. ವಾಡಿ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನೌಕರಿ. ಗಣಿಯಿಂದ ಬಂದ ಮಾದರಿಯನ್ನು ನೋಡಿ, ಇದು ನಡೆಯುತ್ತದೆ, ಇದು ನಡೆಯುವುದಿಲ್ಲ ಎಂದು ಬರೆದುಕೊಡುವುದು. ಬೇರೆಯವರ ಮಾಲಿಗೆ ಹೆಸರಿಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನನ್ನ ಸ್ವಂತ ಮಾಲು ಬಂದಾಗ ಮಾತ್ರ ಬುದ್ಧಿ ಗಂಟು ಕಟ್ಟಿಟ್ಟು ಕೂತೆ.

ಸ್ವಂತ ಮಾಲೆಂದರೆ ಬೇಳೆ ಸಾರಿನ ಪುಡಿ. ಚಿಂಚೋಳಿ ಕಡೆಯ ತೊಗರಿ ಬೇಳೆ ಬೇಯಿಸಿ, ಒಣಗಿಸಿ, ಮಸಾಲೆ ಕೂಡಿಸಿ ಪುಡಿ ಮಾಡುವುದು. ತಿನ್ನುವವರು ಬಿಸಿನೀರು ಹಾಕಿಕೊಂಡರೆ ಸಾಕು. ಹಾಸ್ಟೆಲ್ ಹುಡುಗಿಯರು, ಲಾರಿ ಡ್ರೈವರುಗಳು ನನ್ನ ಕಣ್ಣ ಮುಂದಿದ್ದರು. ಸಂಬಳವಿಲ್ಲದ ಆರು ತಿಂಗಳ ರಜೆ ಹಾಕಿ, ಸೇಡಂನಲ್ಲಿ ಸೋದರಮಾವನ ಮನೆಯ ಹಿಂದಿನ ಕೋಣೆ ಹಿಡಿದೆ. ಹಗಲು ಅಲ್ಲಿ ಕೆಲಸ, ಸಂಜೆ ವಾಡಿಯ ಮನೆಗೆ ಬಂದು ಮಸಾಲೆ ಕುಟ್ಟುವುದು. ರಜೆ ಮುಗಿದ ದಿನ ಕೆಲಸಕ್ಕೆ ಹಾಜರಾಗಬೇಕು, ಇಲ್ಲವೇ ರಾಜೀನಾಮೆ ಕೊಡಬೇಕು. ಮೂರನೆಯ ದಾರಿ ಇರಲಿಲ್ಲ.

ಹೊಸ ಉದ್ಯಮಿಗೆ ಯಾವ ಯಾವ ಬೆಂಬಲ ಬೇಕು ಎಂದು ಒಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಬಂಡವಾಳ, ಜಾಗ, ಮಾರ್ಗದರ್ಶಕ, ಮಾರುಕಟ್ಟೆ, ಮನೆಯವರ ಸಹಕಾರ. ಮಾವ ಜಾಗ ಕೊಟ್ಟ. ಬ್ಯಾಂಕು ತಡವಾಗಿಯಾದರೂ ಸಾಲ ಕೊಟ್ಟಿತು. ತರಬೇತಿಯವರು ಬೆಂಗಳೂರಿನ ಒಬ್ಬ ಮಾರ್ಗದರ್ಶಕರನ್ನು ಫೋನಿಗೆ ಗಂಟು ಹಾಕಿದರು. ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿರುವ ನನ್ನ ಗಂಡ ದಿನಾ ನನ್ನ ಸಾರು ಉಂಡು "ಛಲೋ ಆಗ್ಯಾದ" ಅನ್ನುತ್ತಿದ್ದರು. ಇನ್ನೇನು ಬೇಕು?

"ಮೊದಲು ಜನಕ್ಕೆ ಕೊಟ್ಟು ಅಭಿಪ್ರಾಯ ತಗೊಳ್ಳಿ ಮೇಡಂ," ಅಂದರು ಮಾರ್ಗದರ್ಶಕರು. ಸರಿ, ಸೇಡಂ ಮತ್ತು ಚಿತ್ತಾಪುರದ ಪರಿಚಯದ ಮನೆಗಳಿಗೆಲ್ಲ ಪುಟ್ಟ ಸ್ಟೀಲ್ ಡಬ್ಬಿಗಳಲ್ಲಿ ಪುಡಿ ತುಂಬಿ ಹಂಚಿ ಬಂದೆ. ವಾರದೊಳಗೆ ಡಬ್ಬಿಗಳು ತಿರುಗಿ ಬಂದವು. ಒಂದರಲ್ಲಿ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಒಂದರಲ್ಲಿ ಬೆಲ್ಲ, ಇನ್ನೊಂದರಲ್ಲಿ ಮನೆಯಲ್ಲೇ ಮಾಡಿದ ಸಂಡಿಗೆ. ಜೊತೆಗೆ ಎಲ್ಲರದೂ ಒಂದೇ ಮಾತು: "ಭಾಳ ಛಲೋ ಅದರಿ ಅಕ್ಕೋರೆ!" ನಾನು ಹಿರಿಹಿರಿ ಹಿಗ್ಗಿದೆ. ಜನ ಕಾಣಿಕೆ ಕೊಟ್ಟು ಮೆಚ್ಚುತ್ತಿದ್ದಾರೆಂದು ಬೆಂಗಳೂರಿಗೆ ವರದಿ ಒಪ್ಪಿಸಿದೆ. ಅವರೂ ಪಾಪ ಬರೆದುಕೊಂಡರು.

ಆದರೆ ಸೇಡಂನ ಅಂಗಡಿಗಳಲ್ಲಿ ಮಾರಾಟಕ್ಕಿಟ್ಟ ಪ್ಯಾಕೆಟ್ಟುಗಳು ಇಟ್ಟಲ್ಲೇ ಇದ್ದವು. ಹೊಗಳಿದವರಲ್ಲಿ ಒಬ್ಬರೂ ಕೊಂಡಿರಲಿಲ್ಲ. ಇದು ಹೇಗೆ ಸಾಧ್ಯ? ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ಅಂಥದ್ದರಲ್ಲಿ ಒಂದು ದಿನ ಪಕ್ಕದ ಮನೆಯವರು ಕೊಟ್ಟ ಉಪ್ಪಿನಕಾಯಿಯ ಬಟ್ಟಲು ತೊಳೆದು, ಮರಳಿ ಕೊಡುವ ಮೊದಲು ಕೈ ತಾನಾಗಿಯೇ ಅದಕ್ಕೆ ಒಂದು ಹಿಡಿ ಪುಟಾಣಿ ಕಡಲೆ ಹಾಕಿತು. ನಿಂತಲ್ಲೇ ನಿಂತೆ. ಆ ಉಪ್ಪಿನಕಾಯಿ ಬಾಯಿಗಿಡಲಾಗದಷ್ಟು ಕಹಿಯಾಗಿತ್ತು. ಆದರೂ ನಮ್ಮಲ್ಲಿ ಯಾರ ಮನೆಯ ಪಾತ್ರೆಯನ್ನೂ ಖಾಲಿ ಕಳಿಸುವುದಿಲ್ಲ. ಉಂಡ ಮನೆಯ ಗಳ ಎಣಿಸುವುದಂತೂ ದೂರದ ಮಾತು. ಹುಟ್ಟಿದಾಗಿನಿಂದ ಗೊತ್ತಿರುವ ರೀತಿ ಇದು. ನಾನೋ ಅದನ್ನು ಮಾರುಕಟ್ಟೆಯ ಬೇಡಿಕೆ ಎಂದು ತಿಳಿದುಕೊಂಡಿದ್ದೆ.

ಪ್ರಯೋಗಾಲಯಕ್ಕೆ ಬರುವ ಮಾದರಿಗಳ ಮೇಲೆ ಯಾರ ಹೆಸರೂ ಇರುವುದಿಲ್ಲ, ಬರೀ ಒಂದು ಸಂಖ್ಯೆ ಇರುತ್ತದೆ. ಯಾವ ಗಣಿಯದು, ಯಾರು ಕಳಿಸಿದರು ಎಂದು ತಿಳಿದರೆ ಪರೀಕ್ಷೆ ಮಾಡುವವರ ಕೈ ವಾಲೀತು ಎಂಬ ಭಯ. ನಾನು ನನ್ನ ಮುಖವನ್ನೇ ಡಬ್ಬಿಯ ಜೊತೆ ಹೊತ್ತು ತಿರುಗಿದ್ದೆ. ಹಾಗಾಗಿ ಹೆಸರಿಲ್ಲದ ಪ್ಯಾಕೆಟ್ಟುಗಳನ್ನು ಚೀಲಕ್ಕೆ ಹಾಕಿ, ನನ್ನನ್ನು ಯಾರೂ ಅರಿಯದ ಶಹಾಬಾದಿಗೆ ರೈಲು ಹತ್ತಿದೆ. ರಜೆ ಮುಗಿಯಲು ಆಗ ಹತ್ತು ದಿನ ಉಳಿದಿತ್ತು.

ಕಲ್ಲು ಪಾಲಿಶ್ ಮಾಡುವ ಒಂದು ಶೆಡ್ಡಿನ ಹೆಂಗಸರು ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದರು. ಥರ್ಮಾಸಿನ ಬಿಸಿನೀರಿನಲ್ಲಿ ಸಾರು ಕಲಸಿ ಮುಂದಿಟ್ಟೆ.

"ನಂದಲ್ರಿ ಇದು. ಯಾವುದೋ ಕಂಪನಿಯವರು ಮಾಡ್ಯಾರ. ಹ್ಯಾಂಗದ ಅಂತ ಕೇಳಿ ಬಾ ಅಂತ ನನ್ನ ಕಳಿಸ್ಯಾರ," ಅಂದೆ.

ಎಲ್ಲರಿಗಿಂತ ಹಿರಿಯಾಕೆ ರೊಟ್ಟಿ ಅದ್ದಿ ಬಾಯಿಗಿಟ್ಟಳು. ಮುಖ ಹಿಂಡಿದಳು.

"ಯಾವ ಪುಣ್ಯಾತ್ಮ ಮಾಡ್ಯಾನವ್ವಾ ಇದು? ಬ್ಯಾಳಿ ಬೆಂದದ, ಮಸಾಲಿ ಹುರಿದಿಲ್ಲ. ಹಸಿ ವಾಸನಿ ಹೊಡಿಲಿಕತ್ತದ!"

"ಹುಣಚಿಹುಳಿ ಹುಡುಕಬೇಕು," ಅಂದಳು ಪಕ್ಕದವಳು. "ಅವರಿಗಿ ಹೇಳ್ರಿ, ಒಮ್ಮಿ ನಮ್ಮ ಕಡಿ ಬಂದು ಉಂಡು ಹೋಗ್ರಿ ಅಂತ."

ನಾನು ತಲೆ ಬಗ್ಗಿಸಿ ಎಲ್ಲವನ್ನೂ ಬರೆದುಕೊಂಡೆ. ಕಿವಿ ಕೆಂಡವಾಗಿದ್ದವು. ಅಳು ಬರುವಂತಿತ್ತು, ಖುಷಿಯೂ ಆಗಿತ್ತು. ಐದು ತಿಂಗಳಲ್ಲಿ ಮೊದಲ ಸಲ ಯಾರೋ ನನ್ನ ಸಾರನ್ನು ನಿಜವಾಗಿ ಉಂಡಿದ್ದರು. ಹೊರಟರೆ ಆ ಹಿರಿಯಾಕೆ ಬಿಡಲಿಲ್ಲ. "ಬೈದದ್ದು ಕಂಪನಿಯವರಿಗಿ, ನಿಮಗಲ್ಲ. ಕುಂದ್ರಿ, ಒಂದು ರೊಟ್ಟಿ ತಿಂದು ಹೋಗ್ರಿ," ಎಂದು ಪುಂಡಿಪಲ್ಲೆ ಬಡಿಸಿದಳು. ಆ ಕಂಪನಿ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ.

ಸಂಜೆ ವಾಡಿಯ ಮನೆಗೆ ಬಂದು, ಡ್ಯೂಟಿ ಮುಗಿಸಿ ಚಹಾ ಕುಡಿಯುತ್ತಿದ್ದ ಗಂಡನ ಎದುರು ಕೂತೆ.

"ಸಾರು ಹ್ಯಾಂಗದ? ಖರೇ ಹೇಳ್ರಿ."

"ಛಲೋ ಅದ."

"ಖರೇ ಹೇಳ್ರಿ ಅಂದೆ."

ಅವರು ಬಸಿಯನ್ನು ಕೆಳಗಿಟ್ಟರು. "ಹಸಿ ವಾಸನಿ ಬರ್ತದ."

"ಯಾವಾಗಿಂದ?"

"ಮೊದಲನೇ ದಿನದಿಂದ."

ಮೈಯೆಲ್ಲ ಉರಿದುಹೋಯಿತು. "ಮತ್ತ ಐದು ತಿಂಗಳು ಸುಮ್ಮನ ಯಾಕ ತಿಂದ್ರಿ? ಊರವರದು ಬಿಡ್ರಿ, ನೀವಾದ್ರೂ ಹೇಳಬಾರದಾ? ಹತ್ತು ದಿನದಾಗ ನಾ ಏನು ಮಾಡಲಿ?" ಎಂದು ಕೂಗಾಡಿದೆ.

ಅವರು ಬಸಿಯನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದರು.

"ಕಾರ್ಖಾನಿಗಿ ಹೋಗ್ತಿದ್ದಾಗ ನೀ ಮನಿಗಿ ಬಂದು ನಾಕು ಮಾತು ಆಡ್ತಿದ್ದಿಲ್ಲ. ಈಗ ಮಸಾಲಿ ಕುಟ್ಟುತ್ತಾ ಒಬ್ಬಾಕಿನೇ ಹಾಡ್ತಿ. ಛಲೋ ಇಲ್ಲ ಅಂದ್ರ ತಿರುಗಿ ನೌಕರಿಗಿ ಹೋಗಿಬಿಡ್ತಿ ಅಂತ ಅಂಜಿದೆ."

ನಾನು ಹಾಡುತ್ತಿದ್ದೆನೆಂಬುದು ನನಗೇ ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ರಾಜೀನಾಮೆ ಬರೆದು ಸಹಿ ಹಾಕಿದೆ. ಸಾರಿನ ಹಸಿ ವಾಸನೆ ಇನ್ನೂ ಹೋಗಿರಲಿಲ್ಲ.