ಮೂರು ಕಟ್ಟು, ಮೂರು ದಾರ

ಚಳ್ಳಕೆರೆಯ ಶಿಕ್ಷಕರ ತರಬೇತಿಯ ಕೊನೆಯ ದಿನ ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಕೊಟ್ಟು, ನಿಮ್ಮ ತರಗತಿಯ ಒಂದು ಯಶೋಗಾಥೆಯನ್ನು ಒಂದು ಪುಟ ಮೀರದಂತೆ ಬರೆಯಿರಿ ಎಂದರು. ಒಂದೇ ಪಾಠವನ್ನು ಬೇರೆ ಬೇರೆ ರೀತಿಯಲ್ಲಿ ಕಲಿಯುವ ಮಕ್ಕಳಿಗೆ ಹೇಗೆ ಮುಟ್ಟಿಸುವುದು ಎಂಬುದು ಆ ತರಬೇತಿಯ ವಿಷಯ. ನಾನು ಬರೆದುಕೊಟ್ಟೆ. ಚೆನ್ನಾಗಿದೆ, ಎದ್ದು ನಿಂತು ಓದಿ ಎಂದರು. ಓದಿದೆ. ಚಪ್ಪಾಳೆ ತಟ್ಟಿದರು.

ಆ ಪುಟದ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗಿ ತನ್ನ ಅಭ್ಯಾಸ ಹಾಳೆಯನ್ನು ಆರಿಸಿಕೊಂಡು ನಗುತ್ತಾಳೆ. ಅವಳು ನಕ್ಕಳೋ ಇಲ್ಲವೋ ನನಗೆ ಗೊತ್ತಿಲ್ಲ. ಆಗ ನಾನು ಬೋರ್ಡಿನ ಕಡೆ ತಿರುಗಿ ನಿಂತಿದ್ದೆ.

ಉಳಿದದ್ದೆಲ್ಲ ನಡೆದದ್ದೇ. ಆದರೆ ನಡೆದದ್ದನ್ನು ಒಂದು ಪುಟಕ್ಕೆ ಹಿಡಿಸಲು ಏನೇನು ಬಿಟ್ಟೆ ಎಂಬುದು ಮರುದಿನ ಬಸ್ಸಿನಲ್ಲಿ ಶಾಲೆಗೆ ಹೋಗುವಾಗ ನೆನಪಾಗತೊಡಗಿತು. ಹಾಗಾಗಿ ಮತ್ತೆ ಬರೆಯುತ್ತಿದ್ದೇನೆ. ಇದೂ ಅಚ್ಚುಕಟ್ಟಾಗುತ್ತಿದೆ ಅನ್ನಿಸಿದ ಕಡೆ ಹೇಳಿಬಿಡುತ್ತೇನೆ.

ನನ್ನ ಶಾಲೆ ಇರುವುದು ಮೊಳಕಾಲ್ಮೂರಿನಲ್ಲಿ, ಮಗ್ಗದ ಮನೆಗಳ ಬೀದಿಯ ತುದಿಗೆ. ನಾನು ದಿನಾ ಚಳ್ಳಕೆರೆಯಿಂದ ಬಸ್ಸಿನಲ್ಲಿ ಬರುತ್ತೇನೆ. ನನ್ನ ತವರು ಶೇಂಗಾ ವ್ಯಾಪಾರದ ಮನೆ. ಕಾಯಿ ಅಲ್ಲಾಡಿಸಿ ಒಳಗೆ ಬೀಜ ಗಟ್ಟಿಯಿದೆಯೋ ಜೊಳ್ಳೋ ಹೇಳಬಲ್ಲೆ. ನೂಲಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಇದನ್ನು ಮೊದಲೇ ಹೇಳಬೇಕಿತ್ತು. ಯಶೋಗಾಥೆಯಲ್ಲಿ ಹೇಳಿರಲಿಲ್ಲ.

ಆ ಹುಡುಗಿ ಐದನೇ ತರಗತಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ. ಓದಿ ಹೇಳಿದರೆ ಪಾಠ ಪೂರ್ತಿ ಅವಳಿಗೆ ಅರ್ಥವಾಗುತ್ತಿತ್ತು. ಪುಸ್ತಕ ಕೈಗೆ ಕೊಟ್ಟರೆ ಅಕ್ಷರಗಳು ಒಂದಕ್ಕೊಂದು ಅಂಟುತ್ತಿರಲಿಲ್ಲ. ಮೊದಲ ಅಕ್ಷರ ಹೇಳಿ, ಎರಡನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಕೈಬಿಡುತ್ತಿತ್ತು. ಹುಲ್ಲುಗಾವಲಿನ ಪಾಠ ಮಾಡಿದ ದಿನ, ಹುಲ್ಲುಗಾವಲಿನಿಂದ ಯಾರಿಗೆ ಉಪಯೋಗ ಎಂದು ಕೇಳಿದೆ. ಎಲ್ಲರೂ ದನಕ್ಕೆ, ಕುರಿಗೆ ಎಂದರು. ಇವಳು ಎದ್ದು, "ಉಳ್ಳಾರ್ತಿ ಕಾವಲ್‌ನಾಗೆ ಈಗ ಗೋಡೆ ಐತೆ ಮಿಸ್. ನಮ್ಮ ಮಾಮನ ಕುರಿ ಗೋಡೆ ಸುತ್ಕೊಂಡು ಹೋಗ್ತಾವೆ. ಒಳಗಿನ ಹುಲ್ಲು ಯಾರಿಗೆ?" ಅಂದಳು. ಚಳ್ಳಕೆರೆ ಕಡೆಯ ಆ ಮೇವಿನ ಬಯಲಿಗೆ ಈಗ ಸರ್ಕಾರಿ ಸಂಸ್ಥೆಗಳ ಸುತ್ತುಗೋಡೆ ಬಂದಿದೆ. ಅದೇ ದಿನ ಬರೆದು ತೋರಿಸಬೇಕಾದ ಪ್ರಶ್ನೆಗಳಿಗೆ ಅವಳ ಹಾಳೆ ಖಾಲಿ ಇತ್ತು.

ಇಂಥವರು ತರಗತಿಯಲ್ಲಿ ಅವಳೊಬ್ಬಳೇ ಅಲ್ಲ. ಕಣ್ಣು ಮಂದವಿದ್ದವನೊಬ್ಬ, ಕನ್ನಡ ಈಗಷ್ಟೇ ಕಲಿಯುತ್ತಿದ್ದ ಇಬ್ಬರು, ಒಂದು ಕಡೆ ಕೂರಲಾಗದ ಮೂವರು. ಅದಕ್ಕೇ ನಾನು ಪ್ರತಿ ಪಾಠಕ್ಕೆ ಮೂರು ಬಗೆಯ ಹಾಳೆ ಮಾಡತೊಡಗಿದೆ. ಒಂದರಲ್ಲಿ ಪೂರ್ತಿ ಪಾಠ. ಇನ್ನೊಂದರಲ್ಲಿ ದಪ್ಪಕ್ಷರದ ಸಣ್ಣ ಸಣ್ಣ ವಾಕ್ಯ. ಮತ್ತೊಂದರಲ್ಲಿ ಬರೀ ಚಿತ್ರ, ಉತ್ತರ ಬಾಯಲ್ಲಿ. ಭಾನುವಾರ ಪೂರ್ತಿ ಅದಕ್ಕೇ ಹೋಗುತ್ತಿತ್ತು. ಪ್ರತಿ ಮಗುವಿಗೂ ಅದರದೇ ಒಂದು ಕಟ್ಟು. ಕಟ್ಟಿನ ಮೇಲೆ ಒಂದು, ಎರಡು, ಮೂರು ಎಂದು ಬರೆಯಬಾರದು, ಬರೆದರೆ ಮಕ್ಕಳು ತಮ್ಮನ್ನು ತಾವೇ ಅಳೆದುಕೊಳ್ಳುತ್ತಾರೆ ಎಂಬುದು ನನಗೆ ತಿಳಿದಿತ್ತು. ಶಾಲೆಯ ಪಕ್ಕದ ಮಗ್ಗದ ಮನೆಯಲ್ಲಿ ಬೇಡದ ದಾರ ಇದ್ದರೆ ಕೊಡಿ ಎಂದು ಕೇಳಿದೆ. ಒಂದು ಚೀಲ ಕೊಟ್ಟರು. ಪೂರ್ತಿ ಪಾಠದ ಕಟ್ಟಿಗೆ ಹಸಿರು ದಾರ, ಸಣ್ಣ ವಾಕ್ಯದ ಕಟ್ಟಿಗೆ ನೀಲಿ. ಚಿತ್ರದ ಕಟ್ಟಿಗೆ ಎಲ್ಲಕ್ಕಿಂತ ಚೆಂದದ್ದನ್ನು ಆರಿಸಿದೆ. ಹತ್ತಾರು ಬಣ್ಣದ ಚೂರುಗಳನ್ನು ಗಂಟು ಹಾಕಿ ಉದ್ದ ಮಾಡಿದ ದಾರ. ಕಷ್ಟಪಡುವ ಮಕ್ಕಳಿಗೆ ಹೆಚ್ಚು ಬಣ್ಣ ಇರಲಿ ಎಂದುಕೊಂಡಿದ್ದೆ.

ಹಾಗೆ ಎಂದುಕೊಂಡಿದ್ದೆ ಎಂದು ಈಗ ಬರೆಯುತ್ತಿದ್ದೇನೆ. ಆವತ್ತು ಅಷ್ಟು ಯೋಚಿಸಿದ್ದೆನೋ, ಚೀಲದಲ್ಲಿ ಕೈಗೆ ಸಿಕ್ಕಿದ್ದನ್ನು ಕಟ್ಟಿದ್ದೆನೋ, ಖಾತ್ರಿ ಇಲ್ಲ.

ಮೂರು ವಾರ ನನ್ನ ಡೈರಿಯಲ್ಲಿ ಒಂದೇ ಮಾತು: ಮಕ್ಕಳು ಕಟ್ಟುಗಳನ್ನು ಉತ್ಸಾಹದಿಂದ ತೆಗೆದುಕೊಳ್ಳುತ್ತಿದ್ದಾರೆ. ಹಸಿರಿನವರು ತೆಗೆದುಕೊಳ್ಳುತ್ತಿದ್ದರು, ನಿಜ. ಚಿತ್ರದ ಕಟ್ಟಿನವರು ಎಲ್ಲರೂ ತೆಗೆದುಕೊಂಡ ಮೇಲೆ ಎದ್ದು ಬರುತ್ತಿದ್ದರು. ಅದನ್ನು ನಾನು ಶಿಸ್ತು ಎಂದು ತಿಳಿದೆ.

ಒಂದು ಬೆಳಿಗ್ಗೆ ಆ ಹುಡುಗಿಯ ಕಟ್ಟು ಕೆಂಪಾಗಿ ಹೊಳೆಯುತ್ತಿತ್ತು. ಗಂಟಿನ ದಾರ ಬಿಚ್ಚಿಹಾಕಿ, ಹಾಳೆಯೇ ಕಾಣದಂತೆ ಕೆಂಪು ರೇಷ್ಮೆಯನ್ನು ಸುತ್ತಿಕೊಂಡಿದ್ದಳು. ಎಷ್ಟು ಚೆಂದ ಮಾಡಿದ್ದೀಯಲ್ಲ ಎಂದೆ. ಅವಳು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಿಚ್ಚಲಿಲ್ಲ.

ಎರಡನೇ ಪಿರಿಯಡ್ಡಿಗೆ ಅವಳ ಅವ್ವ ಬಂದಳು. ಮಗ್ಗದಿಂದ ಎದ್ದು ನೇರ ಬಂದಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೇ ಇತ್ತು. ಬಾಗಿಲಲ್ಲೇ ನಿಂತು ಮಗಳ ಕಡೆ ನೋಡಿದಳು.

"ಕಂಡಿಕೆ ಎಲ್ಲೈತೆ?"

ಕಂಡಿಕೆ ಎಂದರೆ ಲಾಳಿಯೊಳಗೆ ಕೂರಿಸುವ ಸಣ್ಣ ಕೊಳವೆ, ಅಡ್ಡ ನೂಲನ್ನು ಅದಕ್ಕೆ ಸುತ್ತಿರುತ್ತಾರೆ. ಹುಡುಗಿ ಚೀಲದಿಂದ ಖಾಲಿ ಕೊಳವೆ ತೆಗೆದಳು. ಅವ್ವ ಒಳಗೆ ಬಂದು ಅದನ್ನೂ ಕಟ್ಟನ್ನೂ ಕೈಗೆ ತೆಗೆದುಕೊಂಡಳು.

"ಇದೇ ಬಣ್ಣ ಮತ್ತೆ ಬರಲ್ಲ ಮಿಸ್. ಇನ್ನೊಂದು ಸಲ ಅದ್ದಿದ್ರೆ ಒಂದು ಚೂರು ಬೇರೆ ಆಗ್ತೈತೆ. ಸೀರ್ಯಾಗೆ ಗೆರೆ ಬೀಳ್ತೈತೆ. ನೂಲು ಕೊಟ್ಟೋರು ಕಣ್ಣು ಮುಚ್ಕೊಂಡು ಇರ್ತಾರಾ?"

"ಯಾಕೆ ತಂದೆ?" ಎಂದು ಹುಡುಗಿಯನ್ನು ಕೇಳಿದೆ. ಹಿಂದಿನ ಸಾಲಿನಿಂದ ಒಂದು ಹೆಣ್ಣು ದನಿ ಹೇಳಿತು: "ಅವಳದು ತುಂಡು ಗುಂಪು ಮಿಸ್."

ಕೆಲವರು ನಕ್ಕರು. ನನಗೆ ಅರ್ಥವಾಗಲಿಲ್ಲ. ಅವ್ವನಿಗೆ ಆಯಿತು. ನೆಲದ ಮೇಲೆ ಬಿದ್ದಿದ್ದ ಗಂಟಿನ ದಾರವನ್ನು ಎತ್ತಿ ನನ್ನ ಮುಂದೆ ಹಿಡಿದಳು.

"ಇದ್ರಾಗೆ ಕಟ್ಟಿದ್ರಾ?"

"ಹೌದು. ಬಣ್ಣ ಚೆನ್ನಾಗಿತ್ತು ಅಂತ."

"ಇದು ಮಗ್ಗದ ಕೆಳಗೆ ಗುಡಿಸಿದ್ದು ಮಿಸ್. ಮಗ್ಗಕ್ಕೆ ಏರಲ್ಲ. ನಾವು ಇದ್ರಾಗೆ ಕಸಬರಿಗೆ ಕಟ್ತೀವಿ."

ಮಗ್ಗದ ಮನೆಯ ಪ್ರತಿ ಮಗುವಿಗೂ ಮೊದಲ ದಿನವೇ ಗೊತ್ತಿದ್ದದ್ದು ಅದು. ಮೂರು ವಾರದಿಂದ ನಾನೇ ದಿನಾ ಬೆಳಿಗ್ಗೆ ಅದನ್ನು ಅವರ ಕೈಗೆ ಕೊಡುತ್ತಿದ್ದೆ.

ಅವ್ವ ಅಲ್ಲೇ ನೆಲದ ಮೇಲೆ ಕೂತಳು. ಕಟ್ಟಿನಿಂದ ಕೆಂಪು ನೂಲಿನ ತುದಿ ಹುಡುಕಿ, ಕೊಳವೆಗೆ ಮತ್ತೆ ಸುತ್ತತೊಡಗಿದಳು. ರಾಟೆ ಇಲ್ಲದೆ, ಬೆರಳಲ್ಲೇ. ಎಲ್ಲಿ ಸಿಕ್ಕಾಗಿದೆಯೋ ಅಲ್ಲಿ ನಿಲ್ಲಿಸಿ ಉಗುರಿನಿಂದ ಬಿಡಿಸುವಳು. ಎಳೆ ತುಂಡಾದರೆ ಎಲ್ಲ ಮುಗಿಯಿತು ಎಂಬುದು ಅವಳ ಕೈಯಲ್ಲೇ ಕಾಣುತ್ತಿತ್ತು. ಮಕ್ಕಳೆಲ್ಲ ನೋಡುತ್ತಿದ್ದರು. ನಾನು ವಿವರಿಸಲು ಹೋದೆ: ಒಬ್ಬೊಬ್ಬರು ಒಂದೊಂದು ರೀತಿ ಕಲಿಯುತ್ತಾರೆ, ನಿಮ್ಮ ಮಗಳು ಜಾಣೆ, ಅಕ್ಷರ ಮಾತ್ರ ತೊಡಕು, ಅದಕ್ಕೇ ಬೇರೆ ಹಾಳೆ.

"ಬೇರೆ ಹಾಳೆ ಇರ್ಲಿ ರೀ. ಬೇರೆ ದಾರ ಯಾಕೆ?"

ಈ ಮಾತನ್ನು ನಾನು ಬರೆದಾಗಲೆಲ್ಲ ಅದು ಚೂಪಾಗುತ್ತಾ ಹೋಗಿದೆ. ಅವಳು ಬಹುಶಃ ಇದಕ್ಕಿಂತ ಉದ್ದವಾಗಿ, ಸುತ್ತಿ ಬಳಸಿ, ಅರ್ಧ ತೆಲುಗಿನಲ್ಲಿ ಕೇಳಿದ್ದಳು. ಆದರೆ ಕೇಳಿದ್ದು ಇದನ್ನೇ. ಉತ್ತರ ನನಗೆ ಗೊತ್ತಿತ್ತು. ದಾರ ಮಕ್ಕಳಿಗಾಗಿ ಇರಲಿಲ್ಲ. ಯಾವ ಕಟ್ಟು ಯಾರದು ಎಂದು ನನಗೆ ಬೇಗ ತಿಳಿಯಲಿ ಎಂದು ಇತ್ತು. ನಿಮ್ಮ ಮಗಳು ಜಾಣೆ ಎಂಬುದನ್ನೇ ಮತ್ತೆ ಹೇಳಿದೆ.

ನೂಲು ಪೂರ್ತಿ ಸುತ್ತಿ ಆದ ಮೇಲೆ ಅವ್ವ ಎದ್ದಳು. "ರಾವೇ," ಎಂದು ತೆಲುಗಿನಲ್ಲಿ ಮಗಳನ್ನು ಕರೆದಳು. "ಬಾ. ಇಲ್ಲಿ ತುಂಡು ಅನ್ನಿಸ್ಕೊಳ್ಳೋ ಬದ್ಲು ಮನ್ಯಾಗೆ ಕಂಡಿಕೆ ಸುತ್ತೀಯಂತೆ. ಅದಾದ್ರೂ ನಿಂಗೆ ಬರ್ತೈತೆ."

ಹುಡುಗಿ ಹೋದಳು. ಹಾಳೆಗಳು ಅಲ್ಲೇ ಉಳಿದವು.

ಮರುದಿನ ಬರಲಿಲ್ಲ. ಅದರ ಮರುದಿನವೂ. ಹೆಡ್‌ಮೇಷ್ಟ್ರು ಒಂದು ಫಾರಂ ತೆಗೆದು ಕೊಟ್ಟರು. ತಾಲ್ಲೂಕಿನಲ್ಲಿ ತಪಾಸಣೆ ಶಿಬಿರವಿದೆ, ತಾಯಿ ಸಹಿ ಹಾಕಿದರೆ ಮಗುವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ, ಮುಂದೆ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳಲು ಒಬ್ಬರನ್ನು ಕೇಳಬಹುದು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫಾರಂ ಹಿಡಿದು ಅವರ ಮನೆಗೆ ಹೋದೆ. ಹುಡುಗಿ ರಾಟೆಯ ಮುಂದೆ ಕೂತಿದ್ದಳು. ನನ್ನನ್ನು ನೋಡಿ ರಾಟೆ ನಿಲ್ಲಿಸಲಿಲ್ಲ. ಅವ್ವ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ತಪ್ಪು ನನ್ನದು ಎಂದೆ. ದಾರ ಕಟ್ಟುವುದನ್ನೇ ಬಿಟ್ಟಿದ್ದೇನೆ ಎಂದೆ. ಫಾರಂ ವಿಷಯ ಹೇಳಿದೆ.

ಅವ್ವ ಲಾಳಿ ನಿಲ್ಲಿಸಿದಳು. "ಈ ಕಾಗದದಾಗೆ ಏನಂತ ಬರೀತಾರೆ?"

"ಓದೋದ್ರಲ್ಲಿ ತೊಂದರೆ ಐತೆ ಅಂತ."

"ಯಾವಾಗ್ಲೂ ಇರ್ತೈತಾ ಅದು?"

"ಕಾಗದ ಇರ್ತದೆ."

"ಇದೂ ಅದೇ ದಾರ ಅಲ್ವೇನ್ರಿ?"

ಅಲ್ಲ ಎನ್ನಬೇಕಿತ್ತು. ಆ ಕಾಗದ ಅವಳಿಗೆ ಮುಂದೆ ನೆರವಾಗಬಹುದು, ಅದು ನನಗೆ ಗೊತ್ತು. ಆದರೆ ಆ ಮನೆಯಲ್ಲಿ ನಿಂತು ಅಲ್ಲ ಎನ್ನುವ ಹಕ್ಕು ನನಗೆ ಉಳಿದಿರಲಿಲ್ಲ. ನಿಮಗೆ ಯಾವಾಗ ಸರಿ ಅನ್ನಿಸುತ್ತೋ ಆಗ ನೋಡೋಣ ಎಂದೆ. ಹುಡುಗಿಯನ್ನು ಮಾತ್ರ ಕಳಿಸಿ ಎಂದೆ. ಲಾಳಿ ಮತ್ತೆ ಓಡತೊಡಗಿತು.

ಸೋಮವಾರ ಹುಡುಗಿ ಬಂದಳು. ಯಾಕೆ ಕಳಿಸಿದಳೋ ಅವ್ವನನ್ನು ನಾನು ಇಂದಿಗೂ ಕೇಳಿಲ್ಲ. ನನ್ನ ಮಾತಿಗೆ ಒಪ್ಪಿ ಕಳಿಸಿದಳು ಎಂದು ಯಶೋಗಾಥೆಯಲ್ಲಿ ಬರೆದಿದ್ದೆ.

ಅಷ್ಟರಲ್ಲಿ ಕಟ್ಟುಗಳನ್ನೆಲ್ಲ ಬಿಚ್ಚಿಹಾಕಿದ್ದೆ. ಮೂರು ಬಗೆಯ ಹಾಳೆಯನ್ನೂ ಕಿಟಕಿ ಕಟ್ಟೆಯ ಮೇಲೆ ಇಡತೊಡಗಿದೆ, ಯಾರು ಬೇಕಾದರೂ ಯಾವುದನ್ನು ಬೇಕಾದರೂ ತೆಗೆದುಕೊಳ್ಳಬಹುದು, ನಡುವೆ ಬದಲಿಸಬಹುದು. ಪಾಠವನ್ನು ಮೊದಲು ನಾನೇ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಯಶೋಗಾಥೆ ಇಲ್ಲಿಂದ ನೇರ ನಗುವಿಗೆ ಹಾರುತ್ತದೆ. ನಿಜದಲ್ಲಿ ಹುಡುಗಿ ಪೂರ್ತಿ ಪಾಠದ ಹಾಳೆಯನ್ನೇ ತೆಗೆದುಕೊಂಡು ಹೋಗಿ, ಪಿರಿಯಡ್ ಮುಗಿಯುವವರೆಗೆ ಅದನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ದಿನ ಬಿಟ್ಟು ದಿನವಲ್ಲ, ಪ್ರತಿದಿನ. ಚಿತ್ರದ ಹಾಳೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದನ್ನು ತಗೋ ಎಂದು ನಾನು ಹೇಳಿದರೆ ಗಂಟಿನ ದಾರ ಮತ್ತೆ ಬರುತ್ತದೆ. ಹೇಳದಿದ್ದರೆ ಅವಳ ಹಾಳೆ ಖಾಲಿ.

ಹುಲ್ಲುಗಾವಲಿನ ಪಾಠದ ಕಿರುಪರೀಕ್ಷೆಯ ದಿನ ಪ್ರಶ್ನೆಗಳನ್ನು ಇಡೀ ತರಗತಿಗೆ ಎರಡೆರಡು ಸಲ ಓದಿದೆ. ಹೆಡ್‌ಮೇಷ್ಟ್ರು ಬಾಗಿಲಲ್ಲಿ ನಿಂತು ಕೇಳಿದರು.

"ಒಬ್ಬಳಿಗೆ ಬೇಕಿದ್ದಕ್ಕೆ ಎಲ್ಲರಿಗೂ ಯಾಕ್ರಿ ಓದ್ತೀರಾ? ಗಂಟಲು ಬೇಡ್ವಾ?"

"ಎಲ್ಲರಿಗೂ ಓದಿದ್ರೆ ಯಾರಿಗೆ ಓದಿದ್ದು ಅಂತ ಗೊತ್ತಾಗಲ್ಲ ಸಾರ್."

"ಮುಂದಿನ ವರ್ಷದ ಮೇಷ್ಟ್ರು ಓದ್ತಾರಾ?"

 

ಅವರು ಹೋದ ಮೇಲೆ, ಉತ್ತರ ಬರೆಯುವ ಹಾಳೆಗಳನ್ನು ಕಿಟಕಿ ಕಟ್ಟೆಯ ಮೇಲಿಟ್ಟೆ. ಗೆರೆ ಇರುವವು, ಖಾಲಿ ಜಾಗ ತುಂಬುವವು, ಚಿತ್ರಕ್ಕೆ ಗುರುತು ಹಾಕಿ ಆಮೇಲೆ ನನಗೆ ಬಾಯಲ್ಲಿ ಹೇಳುವವು. ತೆಗೆದುಕೊಳ್ಳಿ ಎಂದೆ. ಮಕ್ಕಳು ಎದ್ದರು. ಹುಡುಗಿ ಎದ್ದಳು. ಕಿಟಕಿಯ ಹತ್ತಿರ ಹೋಗಿ ನಿಂತು, ಹಾಳೆಯನ್ನಲ್ಲ, ನನ್ನನ್ನು ನೋಡಿದಳು. ಇಷ್ಟು ದಿನವೂ ಅವಳು ಹಾಗೇ ನೋಡುತ್ತಿದ್ದಳು ಎಂಬುದು ಆಗ ಹೊಳೆಯಿತು. ಯಾವ ಹಾಳೆ ತೆಗೆದುಕೊಳ್ಳಲಿ ಎಂದು ನಾನು ಕಾಯುತ್ತಿದ್ದೇನೆ ಎಂಬುದನ್ನು ನನ್ನ ಮುಖದಲ್ಲಿ ಓದುತ್ತಿದ್ದಳು. ಅದೊಂದನ್ನು ಓದಲು ಅವಳಿಗೆ ತೊಡಕೇ ಇರಲಿಲ್ಲ.

ನಾನು ಬೋರ್ಡಿನ ಕಡೆ ತಿರುಗಿದೆ. ಬರೆಯಲು ಏನೂ ಇರಲಿಲ್ಲ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಹಿಂದೆ ಕಾಗದ ಸರಿದ ಸದ್ದಾಯಿತು, ಹೆಜ್ಜೆಗಳಾದವು, ಎಲ್ಲರೂ ಕೂತರು. ತಕ್ಷಣ ತಿರುಗಲಿಲ್ಲ.

ಸ್ವಲ್ಪ ಹೊತ್ತಿಗೆ ಮೇಜಿನ ಹತ್ತಿರ ಒಂದೊಂದೇ ಮಗು ಬರತೊಡಗಿತು, ಬಾಯಲ್ಲಿ ಉತ್ತರ ಹೇಳಲು. ಐದಾರು ಜನ ಬಂದರು, ಹಸಿರು ಕಟ್ಟಿನವರಾಗಿದ್ದ ಇಬ್ಬರು ಕೂಡ ಅವರಲ್ಲಿದ್ದರು. ಇವಳು ಕೊನೆಗೆ ಬಂದಳು. ಹಾಳೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಗೋಡೆಯ ವಿಷಯವನ್ನೂ ಕುರಿಯ ವಿಷಯವನ್ನೂ ಮತ್ತೆ ಹೇಳಿದಳು. ಕೊನೆಯ ಎರಡು ಪ್ರಶ್ನೆಗೆ ಗೊತ್ತಿಲ್ಲ ಅಂದಳು. ಹಾಳೆ ತೋರಿಸು ಎಂದು ನಾನು ಕೇಳಲಿಲ್ಲ.

ಸಹಿಯಿಲ್ಲದ ಫಾರಂ ನನ್ನ ಚೀಲದಲ್ಲೇ ಇದೆ. ದಿನಾ ಚಳ್ಳಕೆರೆಗೆ ಹೋಗುತ್ತದೆ, ದಿನಾ ಮೊಳಕಾಲ್ಮೂರಿಗೆ ಬರುತ್ತದೆ.