ಫೆಬ್ರವರಿ ಮೂವತ್ತೊಂದು

ಮನೆಯಲ್ಲಿ ಒಂದು ಮದುವೆಯಾದರೆ ಆರು ತಿಂಗಳು ತುಂಬುವವರೆಗೆ ಇನ್ನೊಂದು ಕೂಡದು ಎಂಬುದು ನಮ್ಮ ದೊಡ್ಡಪ್ಪನ ಕಟ್ಟಳೆ. ಅಪ್ಪ ಅಣ್ಣನ ಮಾತು ಮೀರದವರು. ಅಕ್ಕನ ಮದುವೆ ಆಗಸ್ಟ್ ಮೂವತ್ತೊಂದಕ್ಕೆ ಆಗಿತ್ತು. ನನ್ನ ಮದುವೆಗೆ ಗೊತ್ತುಮಾಡಿದ್ದ ಎರಡು ಮುಹೂರ್ತಗಳನ್ನು ದೊಡ್ಡಪ್ಪ ಆಗಲೇ ತಳ್ಳಿಹಾಕಿದ್ದರು. ಮೂರನೆಯದು ಫೆಬ್ರವರಿ ಇಪ್ಪತ್ತೆಂಟು. ಇದೂ ತಪ್ಪಿದರೆ ಸಂಬಂಧವೇ ಬೇಡ ಎಂದು ಸಿದ್ದಾಪುರದ ಹೆಣ್ಣಿನವರು ಹೇಳಿ ಕಳಿಸಿದ್ದರು. ಹುಡುಗಿಯನ್ನು ಎರಡೇ ಸಲ ನೋಡಿದ್ದ ನನಗೆ ಅನ್ನ ಸೇರುತ್ತಿರಲಿಲ್ಲ.

ಯಡಿಯೂರಿನಿಂದ ಬಂದ ದೊಡ್ಡಪ್ಪ ಬೆರಳು ಮಡಿಚಿ ಎಣಿಸಿದರು. "ಆರು ತಿಂಗಳಿಗೆ ಫೆಬ್ರವರಿ ಮೂವತ್ತೊಂದು ಬರ್ಬೇಕು. ಅದು ಎಲ್ಲಿದೆ? ಇಲ್ಲ ಅಂದ್ಮೇಲೆ ತುಂಬೋದು ಹೇಗೆ?"

ಜಯನಗರದ ನಮ್ಮ ಆಫೀಸಿಗೆ ಆಗಷ್ಟೇ ಒಂದು ಕಂಪ್ಯೂಟರ್ ಬಂದಿತ್ತು. ಯಾವ ಯಂತ್ರಕ್ಕೆ ಯಾವ ತಿಂಗಳು ಸರ್ವೀಸು ಎಂದು ಸ್ಪ್ರೆಡ್‌ಶೀಟಿನಲ್ಲಿ ಪಟ್ಟಿ ಮಾಡುವುದು ನನ್ನ ಕೆಲಸ. ಹಾಗಾಗಿ ಕೊಬ್ಬಿತ್ತು. "ಕಂಪ್ಯೂಟರನ್ನೇ ಕೇಳೋಣ ಬನ್ನಿ ದೊಡ್ಡಪ್ಪ" ಎಂದು ಕರೆದುಕೊಂಡು ಹೋದೆ.

ಏಸಿ ಕೋಣೆಯ ಹೊರಗೆ ಚಪ್ಪಲಿ ಬಿಡಬೇಕು ಎಂದಾಗಲೇ ದೊಡ್ಡಪ್ಪನಿಗೆ ಭಕ್ತಿ ಬಂತು. ಅಕ್ಕನ ಮದುವೆಯ ತಾರೀಖು ಹಾಕಿ ತಿಂಗಳಿಗೆ ಆರು ಕೂಡಿಸಿದೆ. ತೆರೆಯ ಮೇಲೆ ತಪ್ಪು ಎಂದು ಬಂತು.

"ನೋಡ್ದಾ, ಅದೂ ಒಪ್ತಿಲ್ಲ" ಎಂದರು.

ಆ ತಾರೀಖು ತಿಂಗಳಲ್ಲಿ ಇಲ್ಲದಿದ್ದರೆ ಕೊನೆಯ ದಿನ ತಗೋ ಎಂದು ಸೂತ್ರ ತಿದ್ದಿದೆ. ಫೆಬ್ರವರಿ ಇಪ್ಪತ್ತೆಂಟು ಬಂತು. ಅಲ್ಲಿಗೆ ಎದ್ದು ಬಂದಿದ್ದರೆ ಬದುಕುತ್ತಿದ್ದೆ. ಆದರೆ ದೊಡ್ಡಪ್ಪ ಸರ್ಕಾರಿ ಕಚೇರಿಯಲ್ಲಿ ಜೀವಮಾನವೆಲ್ಲ ತಾಳೆ ನೋಡಿದವರು.

"ಈಗ ಆರು ಕಳಿ. ಹೊರಟ ಜಾಗಕ್ಕೇ ಬರ್ಬೇಕು."

ಕಳೆದೆ. ಆಗಸ್ಟ್ ಇಪ್ಪತ್ತೆಂಟು ಬಂತು. ಆಗಸ್ಟಿನಲ್ಲಿ ಇಪ್ಪತ್ತೆಂಟು ಇದ್ದೇ ಇದೆಯಲ್ಲ, ಅದು ಅಲ್ಲೇ ನಿಂತಿತು. ಮೂವತ್ತೊಂದರಿಂದ ಹೊರಟಿದ್ದು ಅದಕ್ಕೆ ನೆನಪಿಲ್ಲ ಎಂದು ವಿವರಿಸಿದೆ.

"ಮೂರು ದಿನ ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ ದೊಡ್ಡಪ್ಪ."

"ಹಾಗಾದ್ರೆ ತೋರ್ಸು."

ಲೆಕ್ಕವನ್ನೆಲ್ಲ ಅಚ್ಚು ಹಾಕಿ ಕೊಟ್ಟೆ. ಅಂಚಿನಲ್ಲಿ ತೂತುಗಳಿದ್ದ ಪ್ರಿಂಟನ್ನು ಹಿಡಿದುಕೊಂಡೇ ದೊಡ್ಡಪ್ಪ ಬನಶಂಕರಿಯ ನಮ್ಮ ಮನೆಗೆ ಬಂದರು. ನನ್ನ ಮದುವೆಯನ್ನು ನಾನೇ ಮುರಿದುಕೊಂಡೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ದೊಡ್ಡಪ್ಪ ಕಾಗದವನ್ನು ಅವಳ ಮುಂದೆ ಇಟ್ಟರು. "ಮಗಳ ಮದುವೆ ಆಗಸ್ಟ್ ಇಪ್ಪತ್ತೆಂಟಕ್ಕೆ ಆಗಿದ್ರೆ ಮಾತ್ರ ಆರು ತಿಂಗಳು ತುಂಬತ್ತೆ ಅಂತಿದೆ ಇದು. ಮೂರು ದಿನ ಸಾಲ್ದು."

ಅಮ್ಮ ತಲೆಯೆತ್ತಲಿಲ್ಲ. "ಅದು ಸರಿಯಾಗೇ ಹೇಳಿದೆಯಲ್ಲ ಭಾವ. ಇಪ್ಪತ್ತೆಂಟಕ್ಕೇ ಅಲ್ವಾ ನಾವು ನಾಂದಿ ಮಾಡಿದ್ದು? ಮನೇಲಿ ಶುಭಕಾರ್ಯ ಶುರುವಾಗಿದ್ದು ಅವತ್ತೇ. ನೀವು ಧಾರೆ ಹೊತ್ತಿಗೆ ಬಂದ್ರಿ, ನಿಮಗೆ ಗೊತ್ತಿಲ್ಲ."

ದೊಡ್ಡಪ್ಪ ಕಾಗದವನ್ನು ಎತ್ತಿಕೊಂಡು ಹಿಂದೆಮುಂದೆ ತಿರುಗಿಸಿ ನೋಡಿದರು. "ನಾಂದಿ ವಿಷಯ ಇದಕ್ಕೆ ಯಾರು ಹೇಳಿದ್ರು?" ಎಂದು ನನ್ನನ್ನು ಕೇಳಿದರು. ಉತ್ತರಕ್ಕೆ ಕಾಯದೆ ಅದನ್ನು ನಾಲ್ಕು ಮಡಿಕೆ ಮಾಡಿ ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟರು. "ಮದುವೆ ನಡೀಲಿ" ಎಂದು ಹೊರಟುಹೋದರು.

ಅಕ್ಕನ ನಾಂದಿ ಆಗಿದ್ದು ಮೂವತ್ತೊಂದರ ಬೆಳಿಗ್ಗೆ, ಛತ್ರದಲ್ಲಿ. ಅಪ್ಪನ ಪಕ್ಕದ ಮಣೆಯ ಮೇಲೆ ಅಮ್ಮನೇ ಕೂತಿದ್ದಳು. ಪಕ್ಕದ ಮನೆಯವರಿಗೆ ಕಾಫಿಪುಡಿ ಇಲ್ಲ ಎಂದು ಸುಳ್ಳು ಹೇಳಲೂ ನಾಲಿಗೆ ಏಳದ ಹೆಂಗಸು ಅವಳು. ಅವಳ ಮುಖವನ್ನೇ ನೋಡುತ್ತಾ ನಿಂತೆ.

"ಏನ್ ನೋಡ್ತೀಯಾ?" ಎಂದಳು ಅಮ್ಮ. "ಅಂಥ ಹುಡುಗೀನ ಮೂರು ದಿನಕ್ಕೋಸ್ಕರ ಬಿಡಕ್ಕಾಗತ್ತೇನೋ."